ಜಾಲಿಮುಳ್ಳಿನ ದಾರಿಗೆ ಟ್ಯೂಬಿನಲ್ಲಿ ಸೀಲೆಂಟ್ ಸಾಕೇ, ಟ್ಯೂಬ್‌ಲೆಸ್ಸೇ ಬೇಕೇ?

ಅರಸೀಕೆರೆ ಹತ್ತಿರದ ಹಳ್ಳಿಯಿಂದ ದಿನವೂ ಹನ್ನೆರಡು ಕಿಲೋಮೀಟರ್ ಗೇರ್ ಸೈಕಲ್ಲಿನಲ್ಲಿ ಹೋಗಿಬರುವ ನೀವು, ತಿಂಗಳಿಗೆ ಮೂರು ನಾಲ್ಕು ಸಲ ಪಂಕ್ಚರ್ ಆಗುತ್ತಿದೆಯೆಂದು ಬೇಸತ್ತು, ಇರುವ ಟ್ಯೂಬಿಗೇ ಸೀಲೆಂಟ್, ಅಂದರೆ ತೂತನ್ನು ಒಳಗಿನಿಂದಲೇ ಮುಚ್ಚುವ ದ್ರವ, ಹಾಕಿಸಬೇಕೇ ಅಥವಾ 29 ಇಂಚಿನ ಚಕ್ರಗಳನ್ನು ಟ್ಯೂಬ್‌ಲೆಸ್ ಮಾಡಿಸಬೇಕೇ ಎಂದು ಕೇಳಿದ್ದೀರಿ. ನಾನು ಚಿಕ್ಕಮಗಳೂರಿನವನು. ಕಡೂರಿನ ಕಡೆಯ ಬಯಲುದಾರಿಯಲ್ಲೂ ಬಾಬಾಬುಡನ್‌ಗಿರಿಯ ಘಟ್ಟದ ದಾರಿಯಲ್ಲೂ ಹಲವು ವರ್ಷಗಳಿಂದ ಸೈಕಲ್ ತುಳಿಯುತ್ತಿದ್ದೇನೆ, ಎರಡೂ ವಿಧಾನಗಳನ್ನು ಬಳಸಿ ನೋಡಿದ್ದೇನೆ. ನಿಮ್ಮ ರಿಮ್ ಟ್ಯೂಬ್‌ಲೆಸ್‌ಗೆಂದೇ ಮಾಡಿದ್ದಲ್ಲವಾದರೆ ಟ್ಯೂಬಿಗೆ ಸೀಲೆಂಟ್ ಹಾಕುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ.

ಮುಂದಿನ ಸಲ ಪಂಕ್ಚರ್ ಆದಾಗ, ತೇಪೆ ಹಾಕುವ ಮುನ್ನ ತೂತು ಎಲ್ಲಿದೆ, ಯಾವ ಆಕಾರದಲ್ಲಿದೆ ಎಂದು ನೋಡಿ. ಟ್ಯೂಬಿನ ಹೊರಮೈಯಲ್ಲಿ, ಅಂದರೆ ನೆಲಕ್ಕೆ ತಾಗುವ ಕಡೆ, ಸೂಜಿ ಚುಚ್ಚಿದಂತಹ ಒಂದೇ ತೂತಿದ್ದರೆ ಅದು ಮುಳ್ಳು ಅಥವಾ ತಂತಿಯ ಕೆಲಸ. ಪಕ್ಕಪಕ್ಕದಲ್ಲಿ ಎರಡು ಸೀಳುಗಳಿದ್ದರೆ, ಗಾಳಿ ಕಡಿಮೆಯಿದ್ದು, ಕಲ್ಲಿಗೋ ಗುಂಡಿಯ ಅಂಚಿಗೋ ಬಡಿದಾಗ ಟ್ಯೂಬು ಟೈರಿಗೂ ರಿಮ್ಮಿಗೂ ನಡುವೆ ಸಿಕ್ಕಿ ಕತ್ತರಿಸಿಹೋಗಿದೆ ಎಂದರ್ಥ. ಇದನ್ನು ಹಾವಿನ ಕಡಿತವೆಂದು ಕರೆಯುತ್ತಾರೆ. ತೂತು ರಿಮ್ಮಿನ ಕಡೆಗಿದ್ದರೆ ಒಳಗಿನ ಪಟ್ಟಿ ಸರಿದು ಕಡ್ಡಿಯ ತುದಿ ಚುಚ್ಚುತ್ತಿದೆ. ಸೀಲೆಂಟ್ ಚೆನ್ನಾಗಿ ನಿಭಾಯಿಸುವುದು ಮೊದಲನೆಯದನ್ನು ಮಾತ್ರ. ಎರಡನೆಯದಕ್ಕೆ ಮದ್ದು ಸರಿಯಾದ ಗಾಳಿ, ಮೂರನೆಯದಕ್ಕೆ ಹೊಸ ರಿಮ್ ಪಟ್ಟಿ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಳ್ಳಾರಿ ಜಾಲಿಯ ಮುಳ್ಳು ಟೈರಿನೊಳಗೆ ಹೊಕ್ಕು ಮುರಿದಾಗ ಹೊರಗಿನಿಂದ ಏನೂ ಕಾಣುವುದಿಲ್ಲ, ತುದಿ ಮಾತ್ರ ಒಳಗೇ ಉಳಿದು ಹೊಸ ಟ್ಯೂಬನ್ನೂ ಅದೇ ಜಾಗದಲ್ಲಿ ಚುಚ್ಚುತ್ತದೆ. ತಿಂಗಳಿಗೆ ನಾಲ್ಕು ಪಂಕ್ಚರ್ ಎಂದು ನೀವು ಎಣಿಸುತ್ತಿರುವುದರಲ್ಲಿ ಎರಡಾದರೂ ಒಂದೇ ಮುಳ್ಳಿನವಾಗಿರಬಹುದು. ಟೈರ್ ಜೋಡಿಸುವಾಗ ಅದರ ಮೇಲಿನ ಕಂಪನಿಯ ಹೆಸರು ವಾಲ್ವಿನ ನೇರಕ್ಕೇ ಬರುವಂತೆ ಕೂರಿಸುವ ಅಭ್ಯಾಸ ಮಾಡಿಕೊಳ್ಳಿ. ಆಗ ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ಗೇಣು ದೂರದಲ್ಲಿದೆಯೋ ಟೈರಿನಲ್ಲೂ ಅಷ್ಟೇ ದೂರದಲ್ಲಿ ಮುಳ್ಳನ್ನು ಹುಡುಕಬಹುದು. ಹತ್ತಿಯ ಉಂಡೆಯನ್ನು ಟೈರಿನ ಒಳಮೈಗೆ ಸವರಿಕೊಂಡು ಹೋದರೆ ಮುಳ್ಳಿನ ತುದಿ ಇದ್ದಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ, ಬೆರಳಿಗೂ ಗಾಯವಾಗುವುದಿಲ್ಲ.

ಇನ್ನು ಸೀಲೆಂಟ್ ವಿಷಯ. ಸೈಕಲ್ಲಿಗೆಂದು ಮಾರುವ ಹೆಚ್ಚಿನ ಸೀಲೆಂಟ್‌ಗಳ ಮುಖ್ಯ ವಸ್ತು ರಬ್ಬರ್ ಹಾಲು. ಕೊಪ್ಪ, ನರಸಿಂಹರಾಜಪುರದ ಕಡೆ ರಬ್ಬರ್ ತೋಟ ಮಾಡಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಮರದಿಂದ ಇಳಿಸಿದ ಹಾಲನ್ನು ಹಾಗೆಯೇ ಬಿಟ್ಟರೆ ಹೆಪ್ಪುಗಟ್ಟುತ್ತದೆ, ದ್ರವವಾಗಿಯೇ ಉಳಿಸಬೇಕೆಂದರೆ ಅಮೋನಿಯ ಬೆರೆಸಬೇಕು. ಎಷ್ಟೋ ಸೀಲೆಂಟ್ ಬಾಟಲಿಗಳ ಮುಚ್ಚಳ ತೆಗೆದಾಗ ಮೂಗಿಗೆ ಹೊಡೆಯುವ ವಾಸನೆ ಅದರದೇ. ತೂತಿನಿಂದ ಗಾಳಿ ನುಗ್ಗಿದಾಗ ಈ ಹಾಲೂ ಅದರೊಳಗಿರುವ ಸಣ್ಣ ಕಣಗಳೂ ಜೊತೆಗೆ ಹೊರನುಗ್ಗುತ್ತವೆ. ಕಣಗಳು ತೂತಿಗೆ ಅಡ್ಡ ಸಿಕ್ಕಿಕೊಳ್ಳುತ್ತವೆ, ಹಾಲು ಅವುಗಳ ಸುತ್ತ ಹೆಪ್ಪುಗಟ್ಟಿ ಬಿರಡೆಯಾಗುತ್ತದೆ. ಬೈಕುಗಳಿಗೆಂದು ಮಾರುವ ಗ್ಲೈಕಾಲ್ ಮತ್ತು ನಾರಿನ ದ್ರಾವಣ ಹೆಪ್ಪುಗಟ್ಟುವುದಿಲ್ಲ, ಅದರ ನಾರು ಮಾತ್ರ ತೂತಿನಲ್ಲಿ ತುಂಬಿಕೊಳ್ಳುತ್ತದೆ. ಆದರೆ ಅದು ಹೆಚ್ಚು ಕಾಲ ಒಣಗದೆ ಉಳಿಯುತ್ತದೆ. ರಬ್ಬರ್ ಹಾಲಿನದು ಎರಡರಿಂದ ಆರು ತಿಂಗಳಲ್ಲಿ ಒಣಗುತ್ತದೆ, ನಿಮ್ಮ ಕಡೆಯ ಬೇಸಿಗೆಯಲ್ಲಿ ಇನ್ನೂ ಬೇಗ.

ಹಾಕುವ ಕ್ರಮ ಸುಲಭ. ನಿಮ್ಮದು ಗೇರ್ ಸೈಕಲ್ ಆದ್ದರಿಂದ ಬೈಕಿನಂತಹ ದಪ್ಪ ವಾಲ್ವೇ ಇರಬಹುದು. ಅದರ ಪಿನ್ನನ್ನು ಬಿಚ್ಚಿ ಗಾಳಿ ಪೂರ್ತಿ ಬಿಟ್ಟು, ಪ್ರತಿ ಚಕ್ರಕ್ಕೆ ಸುಮಾರು 100ರಿಂದ 120 ಮಿ.ಲೀ. ಒಳಗಿಳಿಸಿ, ಪಿನ್ ಮರಳಿ ಹಾಕಿ, ಗಾಳಿ ತುಂಬಿ ಚಕ್ರವನ್ನು ಚೆನ್ನಾಗಿ ತಿರುಗಿಸಿ. ಮುಂದೆ ಗಾಳಿ ಹೊಡೆಯುವಾಗಲೆಲ್ಲ ವಾಲ್ವನ್ನು ಮೇಲ್ಭಾಗಕ್ಕೆ ತಂದು ಒಂದು ನಿಮಿಷ ಬಿಡಿ, ಇಲ್ಲದಿದ್ದರೆ ದ್ರವ ಪಿನ್ನಿಗೆ ಮೆತ್ತಿಕೊಂಡು ಅದು ಕಟ್ಟಿಕೊಳ್ಳುತ್ತದೆ. ಹಳೆಯ ಮಾದರಿಯ, ರಬ್ಬರಿನ ವಾಲ್‌ಟ್ಯೂಬ್ ಇರುವ ಸೈಕಲ್ಲಿಗೆ ಇದೇ ಕಾರಣಕ್ಕೆ ನಾನು ಸೀಲೆಂಟ್ ಶಿಫಾರಸು ಮಾಡುವುದಿಲ್ಲ. ಮುಳ್ಳು ಕಂಡರೆ ಕಿತ್ತು, ತೂತಿರುವ ಭಾಗವನ್ನು ಕೆಳಕ್ಕೆ ತಿರುಗಿಸಿ ಕೆಲವು ನಿಮಿಷ ನಿಲ್ಲಿಸಿ, ಬಳಿಕ ಕಡಿಮೆಯಾದ ಗಾಳಿಯನ್ನು ತುಂಬಿ. ಸೀಳು ದೊಡ್ಡದಾದರೆ ಸೀಲೆಂಟ್ ಹಿಡಿಯುವುದಿಲ್ಲ; ಆಗ ಟ್ಯೂಬಿನ ಆ ಭಾಗವನ್ನು ತೊಳೆದು ಚೆನ್ನಾಗಿ ಒಣಗಿಸದೆ ತೇಪೆ ಹಾಕಿದರೆ ಸೊಲ್ಯೂಷನ್ ಅಂಟುವುದೇ ಇಲ್ಲ ಎಂಬುದನ್ನು ಪಂಕ್ಚರ್ ಅಂಗಡಿಯವರಿಗೆ ನೀವೇ ಮೊದಲು ತಿಳಿಸಿ.

ಟ್ಯೂಬ್‌ಲೆಸ್ ಇದಕ್ಕಿಂತ ಉತ್ತಮವೆಂಬುದರಲ್ಲಿ ಸಂಶಯವಿಲ್ಲ. ಟ್ಯೂಬೇ ಇಲ್ಲದ ಮೇಲೆ ಹಾವಿನ ಕಡಿತದ ಪ್ರಶ್ನೆಯಿಲ್ಲ, ಗಾಳಿಯನ್ನು ಕಡಿಮೆ ಇಟ್ಟು ಕಲ್ಲುದಾರಿಯಲ್ಲಿ ಹಿಡಿತದಿಂದ ಹೋಗಬಹುದು. ಫ್ರಾನ್ಸಿನ ಮಾವಿಕ್ ಕಂಪನಿ 1999ರಲ್ಲಿ ಗುಡ್ಡಗಾಡು ಸೈಕಲ್ಲುಗಳಿಗೆ ಯುಎಸ್‌ಟಿ ಎಂಬ ಟ್ಯೂಬ್‌ಲೆಸ್ ವ್ಯವಸ್ಥೆಯನ್ನು ತಂದದ್ದು ಇಂತಹ ದಾರಿಗಳಿಗಾಗಿಯೇ. ನನ್ನ ಗುಡ್ಡದ ಸೈಕಲ್ಲಿನ 2.2 ಇಂಚಿನ ಟೈರುಗಳಲ್ಲಿ ತಲಾ 100 ಮಿ.ಲೀ. ಸೀಲೆಂಟ್ ಇದೆ, ಟ್ಯೂಬಿದ್ದಾಗ 40 ಪಿಎಸ್‌ಐ ಒತ್ತಡದ ಗಾಳಿ ಹೊಡೆಯುತ್ತಿದ್ದವನು ಈಗ 27ರಲ್ಲಿ ನಿರಾತಂಕವಾಗಿ ಘಟ್ಟ ಇಳಿಯುತ್ತೇನೆ. ಆದರೆ ಅದಕ್ಕೆ ಟೈರಿನ ಅಂಚನ್ನು ಬಿಗಿಯಾಗಿ ಹಿಡಿಯುವ ರಿಮ್, ಗಾಳಿ ಸೋರದ ರಿಮ್ ಟೇಪು, ಪ್ರತ್ಯೇಕ ವಾಲ್ವ್, ಅದಕ್ಕೆಂದೇ ಮಾಡಿದ ಟೈರ್, ಇವಿಷ್ಟೂ ಬೇಕು. ಸಾಮಾನ್ಯ ರಿಮ್ಮಿಗೆ ಟೇಪು ಸುತ್ತಿ, ತಂತಿ ಅಂಚಿನ ಸಾಮಾನ್ಯ ಟೈರನ್ನೇ ಟ್ಯೂಬ್‌ಲೆಸ್ ಮಾಡಲು ನಾನು ಒಮ್ಮೆ ಪ್ರಯತ್ನಿಸಿದ್ದೆ. ಜಗಲಿಯ ಮೇಲೆ ಗಾಳಿ ಹೊಡೆಯುತ್ತಿದ್ದಾಗಲೇ ಟೈರು ಸಿಡಿದು ರಿಮ್ಮಿನಿಂದ ಹೊರಬಂತು. ಅದೇ ಘಟ್ಟದ ತಿರುವಿನಲ್ಲಾಗಿದ್ದರೆ ಎಂದು ನೆನೆದರೆ ಇಂದಿಗೂ ಎದೆ ನಡುಗುತ್ತದೆ. ದಯವಿಟ್ಟು ಆ ಸಾಹಸ ಬೇಡ. ಟ್ಯೂಬ್‌ಲೆಸ್ ಮಾಡಿಸಿದವರೂ ಟೈರಿನ ಪಕ್ಕ ಸೀಳಿದಾಗ ಬೇಕಾಗುವುದೆಂದು ಚೀಲದಲ್ಲಿ ಒಂದು ಟ್ಯೂಬು ಇಟ್ಟುಕೊಂಡೇ ಹೊರಡುತ್ತಾರೆ.

ಸದ್ಯಕ್ಕೆ ಹಿಂದಿನ ಚಕ್ರದಿಂದ ಆರಂಭಿಸಿ, ಭಾರ ಹೆಚ್ಚು ಬೀಳುವುದು ಅದರ ಮೇಲೆಯೇ. ಆ ಟೈರು ನಡುವೆ ಸವೆದು ಚಪ್ಪಟೆಯಾಗಿದ್ದರೆ ಸೀಲೆಂಟಿಗಿಂತ ಮೊದಲು ಟೈರನ್ನೇ ಬದಲಾಯಿಸಿ, ಹೊಸದರ ಪಕ್ಕದಲ್ಲಿ ಅಚ್ಚಾಗಿರುವ ಮಿತಿಯೊಳಗೆ ವಾರಕ್ಕೊಮ್ಮೆ ಗಾಳಿ ನೋಡಿಕೊಳ್ಳಿ. ಇಷ್ಟಾದ ಮೇಲೂ ಪಂಕ್ಚರ್ ನಿಲ್ಲದಿದ್ದರೆ ತೂತಿನ ಆಕಾರವನ್ನೂ ಅದು ಟ್ಯೂಬಿನ ಯಾವ ಕಡೆ ಇದೆಯೆಂಬುದನ್ನೂ ಇಲ್ಲಿಯೇ ಬರೆಯಿರಿ, ಕಾರಣ ಹುಡುಕೋಣ.