ಹಳೇ ಕಾರಿನ ಪವರ್ ಸ್ಟೀರಿಂಗ್ ಎಣ್ಣೆ ಸೋರುತ್ತಿದೆ, ರ‍್ಯಾಕ್ ಬದಲಿಸಲೇಬೇಕಾ?

ನಿಮ್ಮ ಕಾರಿಗೆ ಹದಿನೈದು ವರ್ಷ ದಾಟಿದೆ. ವಾರಕ್ಕೊಮ್ಮೆ ಪವರ್ ಸ್ಟೀರಿಂಗ್ ಡಬ್ಬಿ ಖಾಲಿಯಾಗುತ್ತಿದೆ. ಗ್ಯಾರೇಜಿನವರು ರ‍್ಯಾಕ್ ಹೋಗಿದೆ ಅಂತಿದ್ದಾರೆ, ಅಂದ್ರೆ ಸ್ಟೀರಿಂಗ್ ತಿರುಗಿಸಿದ್ದನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಅಡ್ಡ ಭಾಗ. ಸುಮ್ನೆ ಎಣ್ಣೆ ತುಂಬಿಸ್ತಾ ಓಡಿಸಿದ್ರೆ ನಡೆಯುತ್ತಾ ಅಂತ ಕೇಳಿದ್ದೀರಿ. ರ‍್ಯಾಕ್‌ಗೆ ಈಗಲೇ ದುಡ್ಡು ಕೊಡಬೇಡಿ. ತುಂಬಿಸ್ತಾ ಓಡಿಸೋದೂ ಬೇಡ. ಮೊದಲು ಗಾಡಿ ತೊಳೆಸಿ.

ತಮಾಷೆ ಮಾಡ್ತಿಲ್ಲ. ನಾನು ಉಲ್ಟಾ ಮಾಡಿ ದುಡ್ಡು ಕಳೆದುಕೊಂಡವನು.

ನನ್ನದು 2006ರ ಡೀಸೆಲ್ ಗಾಡಿ, ಕಲಬುರಗಿಯಲ್ಲೇ ಓಡಾಡುತ್ತೆ. ಒಂದು ಏಪ್ರಿಲ್‌ನಲ್ಲಿ ಗಾಣಗಾಪುರಕ್ಕೆ ಹೋಗಿ ಬಂದ ಮರುದಿನ ಬೆಳಿಗ್ಗೆ ನೋಡಿದರೆ, ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಅಂಗೈ ಅಗಲದ ಕೆಂಪು ಕಲೆ. ಕಸ ಗುಡಿಸಲು ಬಂದ ಅವ್ವ, "ಯಾವ ಹಾಳಾದವ ಇಲ್ಲಿ ಎಲಿ ತಿಂದು ಉಗುಳ್ಯಾನ?" ಅಂತ ಬೈಯುತ್ತಾ ನೀರು ಹಾಕಿದಳು. ಕಲೆ ಹೋಗಲಿಲ್ಲ. ಬೆರಳಲ್ಲಿ ಮುಟ್ಟಿದೆ, ಜಾರುತ್ತಿತ್ತು. ಬಾನೆಟ್ ಎತ್ತಿ ನೋಡಿದರೆ ಡಬ್ಬಿಯಲ್ಲಿ ಎಣ್ಣೆ ಕನಿಷ್ಠ ಗೆರೆಗಿಂತ ಕೆಳಗೆ.

ಗ್ಯಾರೇಜಿಗೆ ಒಯ್ದೆ. ಹುಡುಗ ಗಾಡಿ ಕೆಳಗೆ ಎರಡು ನಿಮಿಷ ಮಲಗಿ ಎದ್ದು, "ರ‍್ಯಾಕ್ ಹೋಗ್ಯದ್ರಿ ಸರ್, ಸೀಲ್ ಕಿಟ್ ಹಾಕಬೇಕ್ರಿ" ಅಂದ. ರ‍್ಯಾಕ್ ಬಿಚ್ಚಿದರು, ಎಣ್ಣೆ ತಡೆಯುವ ಹೊಸ ಸೀಲ್ ಹಾಕಿದರು, ಮತ್ತೆ ಕೂಡಿಸಿದರು, ವೀಲ್ ಅಲೈನ್‌ಮೆಂಟ್ ಬೇರೆ. ಮೂರು ದಿನ ಹೋಯ್ತು, ಏಳು ಸಾವಿರ ಚಿಲ್ಲರೆ ಹೋಯ್ತು. ಹದಿನೈದು ದಿನಕ್ಕೆ ಅದೇ ಕಲ್ಲಿನ ಮೇಲೆ ಅದೇ ಕೆಂಪು ಕಲೆ.

ಆಮೇಲೆ ಗೆಳೆಯನೊಬ್ಬ ಹುಮನಾಬಾದ್ ರಸ್ತೆ ಕಡೆ ಬೇವಿನ ಮರದ ಕೆಳಗೆ ಕೆಲಸ ಮಾಡುವ ಒಬ್ಬ ಹಳೇ ಮಿಸ್ತ್ರಿ ಹತ್ತಿರ ಕಳಿಸಿದ. ಎಲ್ಲರೂ ಚಾಚಾ ಅಂತಾರೆ, ನಾನೂ ಹಾಗೇ ಕರೆದೆ. ಅವರು ಗಾಡಿ ಕೆಳಗೆ ಬಗ್ಗಿ ಸಹ ನೋಡಲಿಲ್ಲ. "ಮೊದಲ ತೊಳಸ್ಕೊಂಡು ಬರ್ರಿ ಸಾಬ್. ಇಷ್ಟ್ ಹೊಲಸಿನ್ಯಾಗ ಏನ್ ಕಾಣ್ತದ?" ಅಂದರು.

ಅವರು ಹೇಳಿದ್ದು ಸರಿ. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಓಡುವ ಗಾಡಿ ನನ್ನದು. ಎಣ್ಣೆಗೆ ಧೂಳು ಕೂತು, ಸ್ಟೀರಿಂಗ್ ಎಣ್ಣೆ ತಳ್ಳುವ ಪಂಪ್, ಪೈಪ್, ರ‍್ಯಾಕ್ ಎಲ್ಲ ಒಂದೇ ಕಪ್ಪು ಮುದ್ದೆಯಾಗಿತ್ತು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ಗೆ ಪ್ಲಾಸ್ಟಿಕ್ ಚೀಲ ಸುತ್ತಿಸಿ, ಆ ಭಾಗ ತೊಳೆಸಿ, ಬಟ್ಟೆಯಲ್ಲಿ ಒರೆಸಿ ಒಣಗಿಸಿಕೊಂಡು ಹೋದೆ. ಚಾಚಾ ಡಬ್ಬಿಗೆ ಎಣ್ಣೆ ತುಂಬಿ, ಪೈಪುಗಳ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿದರು. ನನ್ನನ್ನು ಸೀಟಿನಲ್ಲಿ ಕೂರಿಸಿ, ಸ್ಟಾರ್ಟ್ ಮಾಡಿಸಿ, ಸ್ಟೀರಿಂಗ್ ಆ ಕಡೆ ಈ ಕಡೆ ತಿರುಗಿಸಲು ಹೇಳಿದರು. ತಾವು ಮೇಲಿಂದ ಟಾರ್ಚ್ ಬಿಟ್ಟು ನೋಡುತ್ತಾ ನಿಂತರು. ನಾಲ್ಕನೇ ಸಲಕ್ಕೆ "ಬಂದ್ ಮಾಡ್ರಿ, ಬರ್ರಿ ಇಲ್ಲಿ" ಅಂದರು. ಪಂಪಿನಿಂದ ಹೊರಡುವ ಪ್ರೆಶರ್ ಪೈಪಿನಲ್ಲಿ ರಬ್ಬರ್ ಮುಗಿದು ಕಬ್ಬಿಣ ಶುರುವಾಗುವ ಕಡೆ, ಬಿಗಿದ ಬಳೆಯ ಅಂಚಿನಲ್ಲಿ, ಬಿಳಿ ಪೌಡರಿನ ಮೇಲೆ ದಾರದಂಥ ಕೆಂಪು ಗೆರೆ. ಅಲ್ಲಿಂದ ಎಣ್ಣೆ ಪೈಪಿನ ಬೆನ್ನ ಮೇಲೆ ಇಳಿದು, ರ‍್ಯಾಕ್ ಮೇಲೆ ಹರಿದು, ಅದರ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಕೆಳಗೆ ಮಲಗಿ ನೋಡಿದವನಿಗೆ ರ‍್ಯಾಕ್ ಸೋರಿದಂತೆಯೇ ಕಾಣುತ್ತೆ, ಅಲ್ವಾ?

ಹಾಗಾಗಿ ಎಣ್ಣೆ ಎಲ್ಲಿ ಬೀಳುತ್ತಿದೆ ಅಂತ ನೋಡಬೇಡಿ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದು ಅಂತ ಹುಡುಕಿ. ಬೆಲ್ಟ್ ತಿರುಗುವಾಗ ಕೈ ಮಾತ್ರ ಒಳಗೆ ಹಾಕಬೇಡಿ. ಆ ಪೈಪಿನಲ್ಲಿ ಒತ್ತಡ ಸಾವಿರ ಪಿಎಸ್‌ಐ ದಾಟುತ್ತೆ. ಕಾರಿನ ಟೈರಿಗೆ ನಾವು ಹಾಕಿಸೋದು ಮೂವತ್ತು ಚಿಲ್ಲರೆ, ನೀವೇ ಲೆಕ್ಕ ಹಾಕಿ.

ರ‍್ಯಾಕ್ ನಿಜಕ್ಕೂ ಹೋಗಿದೆಯಾ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ರ‍್ಯಾಕಿನ ಎರಡೂ ತುದಿಗೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್ ಇರುತ್ತೆ. ಅದರ ಕ್ಲಿಪ್ ಸಡಿಲಿಸಿ ಸ್ವಲ್ಪ ಸರಿಸಲು ಹೇಳಿ. ಒಳಗಿಂದ ಎಣ್ಣೆ ಸುರಿದರೆ ರ‍್ಯಾಕಿನ ಸೀಲ್ ಹೋಗಿದೆ, ಗ್ಯಾರೇಜಿನವರ ಮಾತು ನಿಜ. ಹೊರಗೆ ಒದ್ದೆ, ಒಳಗೆ ಒಣಗಿದ್ದರೆ ಎಣ್ಣೆ ಬಹುಮಟ್ಟಿಗೆ ಬೇರೆ ಕಡೆಯಿಂದ ಬರುತ್ತಿದೆ. ಬೂಟ್ ಹರಿದು ಧೂಳು ಒಳಗೆ ಹೋಗಿದ್ದರೆ ಒಳಗಿನ ರಾಡ್ ಮೇಲೆ ಗೀರು, ತುಕ್ಕು ಇದೆಯಾ ಅಂತಲೂ ನೋಡಿಸಿ. ಗೀರು ಬಿದ್ದ ರಾಡಿಗೆ ಹೊಸ ಸೀಲ್ ಹಾಕಿದರೆ ಅದನ್ನೂ ಬೇಗ ಕತ್ತರಿಸಿಬಿಡುತ್ತೆ. ಆಗ ಸೀಲ್ ಕಿಟ್ ದಂಡ, ಇಡೀ ರ‍್ಯಾಕ್ ಬದಲಿಸೋದೇ ವಾಸಿ.

ಪೈಪುಗಳ ಕಥೆ ಬೇರೆ. ನಮ್ಮ ಕಡೆ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತೆ, ಬಾನೆಟ್ ಒಳಗಿನ ಕಾವು ಅದಕ್ಕಿಂತ ಎಷ್ಟೋ ಜಾಸ್ತಿ. ರಬ್ಬರ್ ಒಣ ರೊಟ್ಟಿಯಂತೆ ಗಡಸಾಗುತ್ತೆ. ಡಬ್ಬಿಗೆ ವಾಪಸ್ ಬರುವ ಪೈಪ್ ಸೋರುತ್ತಿದ್ದರೆ ನಿಮ್ಮ ಅದೃಷ್ಟ, ಅದರಲ್ಲಿ ಒತ್ತಡ ಕಮ್ಮಿ. ತುದಿ ಸ್ವಲ್ಪ ಕತ್ತರಿಸಿ ಹೊಸ ಕ್ಲಿಪ್ ಹಾಕಿದರೂ ಕೆಲವೊಮ್ಮೆ ಸಾಕು. ಬದಲಿಸುವುದಾದರೆ ಎಣ್ಣೆ ತಡೆಯುವ ಪೈಪೇ ಬೇಕು. ರೇಡಿಯೇಟರ್ ನೀರಿನ ಪೈಪ್ ತುಂಡು ಹಾಕಿದರೆ ಎಣ್ಣೆಗೆ ಉಬ್ಬಿ ಮೆತ್ತಗಾಗುತ್ತೆ.

ಪ್ರೆಶರ್ ಪೈಪಿಗೆ ಎಂ-ಸೀಲ್, ಟೇಪು, ತಂತಿ ಯಾವುದೂ ನಿಲ್ಲಲ್ಲ. ನನಗೆ ಕಂಪನಿ ಪೈಪ್ ಸಿಗಲಿಲ್ಲ. ಜೆಸಿಬಿ, ಟ್ರ್ಯಾಕ್ಟರ್‌ಗಳಿಗೆ ಹೈಡ್ರಾಲಿಕ್ ಪೈಪ್ ಒತ್ತಿ ಕೊಡುವ ಅಂಗಡಿಯಲ್ಲಿ ಹಳೇ ತುದಿಗಳನ್ನೇ ಇಟ್ಟುಕೊಂಡು ಹೊಸ ರಬ್ಬರ್ ಹಾಕಿಸಿದೆ. ಗಣಿ, ಕ್ರಷರ್ ಇರುವ ಜಿಲ್ಲೆ ನಮ್ಮದು, ಈ ಕೆಲಸ ಬಲ್ಲವರು ಸಿಗ್ತಾರೆ. ಕೇಳುವಾಗ ಒತ್ತಡ, ಬಿಸಿ ಎರಡನ್ನೂ ತಡೆಯುವ ಪೈಪ್ ಅಂತ ಬಿಡಿಸಿ ಹೇಳಿ. ಪೈಪ್ ಕೂಡಿಸುವಾಗ ತಾಮ್ರದ ವಾಷರ್ ಇದ್ದರೆ ಹೊಸದೇ ಹಾಕಿಸಿ. ರ‍್ಯಾಕಿಗೆ ಕೊಟ್ಟಿದ್ದರ ಕಾಲು ಭಾಗದೊಳಗೆ ನನ್ನ ಕೆಲಸ ಮುಗಿಯಿತು. ಈಗ ಸ್ಟೀರಿಂಗ್ ತಿರುಗಿಸಿದರೆ ಮೊದಲಿಗಿಂತ ಸ್ವಲ್ಪ ಸದ್ದು ಬರುತ್ತೆ. ಕೆಲವು ಕಂಪನಿ ಪೈಪುಗಳಲ್ಲಿ ಸದ್ದು ಅಡಗಿಸಲೆಂದೇ ಒಳಗೆ ಒಂದು ಸಣ್ಣ ಕೊಳವೆ ಇರುತ್ತೆ, ಒತ್ತಿಸಿದ ಪೈಪಿನಲ್ಲಿ ಅದು ಇರಲ್ಲ.

ಎಣ್ಣೆ ತುಂಬಿಸ್ತಾ ಓಡಿಸೋದು ಯಾಕೆ ಬೇಡ ಅಂದ್ರೆ, ಆ ಎಣ್ಣೆಯೇ ಪಂಪಿಗೆ ಜೀವ. ಡಬ್ಬಿ ಒಣಗಿದರೆ ಗಾಳಿ ಎಳೆದು ಪಂಪ್ ಗೊಂಯ್ ಅಂತ ಅಳುತ್ತೆ, ಸ್ವಲ್ಪ ದಿನಕ್ಕೆ ಸವೆದು ಅದೂ ಹೋಗುತ್ತೆ. ಎಣ್ಣೆ ಪೂರ್ತಿ ಹೋದರೂ ಚಕ್ರ ತಿರುಗುತ್ತೆ, ಆದರೆ ಸ್ಟೀರಿಂಗ್ ಕಲ್ಲಿನಷ್ಟು ಭಾರ. ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಯ ಜನಜಂಗುಳಿಯಲ್ಲಿ ಹಾಗಾದರೆ ನಿಮ್ಮ ಗತಿ ನೋಡ್ಕೊಳ್ಳಿ. ಇನ್ನೂ ಕೆಟ್ಟದ್ದು ಬೆಂಕಿ. ಕಾದ ಸೈಲೆನ್ಸರ್ ಪೈಪಿನ ಮೇಲೆ ಬೀಳುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಗಾಡಿ ಅಲ್ಲೇ ನಿಲ್ಲಿಸಿ.

ಡಬ್ಬಿಗೆ ಯಾವ ಎಣ್ಣೆ ಅನ್ನೋದು ಮುಚ್ಚಳದ ಮೇಲೋ ಗಾಡಿಯ ಪುಸ್ತಕದಲ್ಲೋ ಇರುತ್ತೆ. ಎಷ್ಟೋ ಹಳೇ ಗಾಡಿಗಳಿಗೆ ಕೆಂಪು ಎಟಿಎಫ್ (ಆಟೋಮ್ಯಾಟಿಕ್ ಗೇರ್ ಎಣ್ಣೆ) ಬೇಕು, ಕೆಲವಕ್ಕೆ ಬೇರೆಯದೇ ಬೇಕು, ಬೆರೆಸಬಾರದು. ಬ್ರೇಕ್ ಆಯಿಲ್ ಅಂತೂ ಹನಿಯೂ ಬೇಡ, ಸೀಲುಗಳೆಲ್ಲ ಉಬ್ಬಿ ಕೆಡುತ್ತವೆ. ತಪ್ಪಿ ಹಾಕಿದ್ದರೆ ಸ್ಟಾರ್ಟ್ ಮಾಡದೆ ಪೂರ್ತಿ ತೆಗೆಸಿ. ಸೋರಿಕೆ ನಿಲ್ಲಿಸುತ್ತೆ ಅಂತ ಮಾರುವ ಬಾಟಲಿ ಔಷಧಿ ಹಳೇ ಸೀಲನ್ನು ಮೆತ್ತಗೆ ಮಾಡಿ ಉಬ್ಬಿಸುತ್ತೆ. ಸಣ್ಣ ಜಿನುಗಿಗೆ ಕೆಲವು ದಿನ ತಳ್ಳಬಹುದು, ಒಡೆದ ಪೈಪಿಗೆ ಏನೂ ಮಾಡಲ್ಲ.

ರಿಪೇರಿ ಆದಮೇಲೆ ಸ್ಟೀರಿಂಗ್ ಎಣ್ಣೆಯಲ್ಲಿ ಸೇರಿದ ಗಾಳಿ ತೆಗೆಸೋದು ಮರೆಯಬೇಡಿ. ಮುಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟು, ಎಂಜಿನ್ ಬಂದ್ ಇಟ್ಟುಕೊಂಡೇ ಸ್ಟೀರಿಂಗ್ ಈ ತುದಿಯಿಂದ ಆ ತುದಿಗೆ ಹದಿನೈದಿಪ್ಪತ್ತು ಸಲ ನಿಧಾನ ತಿರುಗಿಸಬೇಕು, ಎಣ್ಣೆ ಇಳಿದಂತೆ ತುಂಬಬೇಕು. ನೊರೆ ನಿಂತ ಮೇಲೆ ಸ್ಟಾರ್ಟ್ ಮಾಡಿ ಇನ್ನೊಂದಿಷ್ಟು ಸಲ. ತುದಿಗೆ ತಂದು ಒತ್ತಿ ಹಿಡಿಯಬೇಡಿ. ಪಾರ್ಕಿಂಗ್ ಮಾಡುವಾಗಲೂ ಆ ಅಭ್ಯಾಸ ಬಿಡಿ, ಒತ್ತಡವೂ ಬಿಸಿಯೂ ಆಗಲೇ ಏರೋದು.

ತೊಳೆಸಿದ ಮೇಲೆ ಪೌಡರ್ ಹಾಕಿ ನೋಡಿ. ಒದ್ದೆಯಾದ ಜಾಗದ ಫೋಟೋ ಇಲ್ಲೇ ಹಾಕಿ, ಡಬ್ಬಿ ಮುಚ್ಚಳದ ಮೇಲಿನ ಬರಹದ್ದೂ ಒಂದು ಇರಲಿ. ನೋಡಿ ಹೇಳ್ತೇನೆ.