ಕೆಂಪಗೆ ಹೊಳೆದದ್ದೆಲ್ಲ ವೈರಸ್ ಅಲ್ಲ

ಅಣ್ಣಾ, ಸಿಂಧನೂರಿನ ನಿಮ್ಮ ಮೆಣಸಿನಕಾಯಿ ಎಲೆಯ ಫೋಟೋ ನೋಡಿದೆ. ಮುಟುರು ಬಿದ್ದು ಮುದುಡಿದ ಎಲೆ ತೆಳ್ಳಗೆ ಕೊಯ್ದು, ಅಕ್ರಿಡಿನ್ ಆರೆಂಜ್ ಅನ್ನುವ ಹೊಳೆಯುವ ಬಣ್ಣ ಹಾಕಿ, ನೀಲಿ ಟಾರ್ಚ್ ಬಿಟ್ಟು, ಕೆಂಪು ಕಂಡ ಕೋಶಗಳಿಗೆಲ್ಲ ವೈರಸ್ ಹೊಕ್ಕಿದೆ ಅಂದಿದ್ದೀರಿ. ಆ ಕೆಂಪು ಹೆಚ್ಚಾಗಿ ಎಲೆಗೆ ಹಸಿರು ಕೊಡುವ ಕ್ಲೋರೊಫಿಲ್‌ದು. ಬಣ್ಣ ಹಾಕದಿದ್ದರೂ ಹಸಿರೆಲೆ ನೀಲಿ ಬೆಳಕಲ್ಲಿ ಹಾಗೇ ಹೊಳೆಯುತ್ತದೆ. ನಾನೂ ಹೀಗೇ ನಂಬಿದ್ದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಚೂರುಗಳನ್ನು ರಾತ್ರಿಯಿಡೀ ಸ್ಪಿರಿಟ್‌ನಲ್ಲಿ ನೆನೆಸಿ ಹಸಿರು ತೆಗೆಯಿರಿ. ಒಲೆ ಹತ್ತಿರ ಬೇಡ, ಬೆಂಕಿ ಹತ್ತುತ್ತದೆ. ಆಮೇಲೆ ನಾಲ್ಕು ಸ್ಲೈಡ್ ಮಾಡಿ: ಒಳ್ಳೆ ಎಲೆ, ರೋಗದ ಎಲೆ, ಎರಡಕ್ಕೂ ಬಣ್ಣ ಹಾಕಿದ್ದೊಂದು, ಹಾಕದ್ದೊಂದು. ಮೊಬೈಲಲ್ಲಿ ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾ ಒಳಬಿಡುವ ಬೆಳಕಿನ ಪ್ರಮಾಣ, ಲಾಕ್ ಮಾಡಲೇಬೇಕು. ಇಲ್ಲದಿದ್ದರೆ ಮಂಕಾದ ಸ್ಲೈಡನ್ನೂ ಮೊಬೈಲೇ ಬೆಳಗಿಸಿ ತೋರಿಸುತ್ತದೆ, ನಾಲ್ಕೂ ಒಂದೇ ಥರ ಕಾಣುತ್ತವೆ. ಹಸಿರು ಹೋದ ಮೇಲೂ ನೀರಿನ ನಾಳದ ಗೋಡೆ ತಾನೇ ಹೊಳೆಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಡಿ.

ಇಷ್ಟು ಮಾಡಿದರೂ ಅಕ್ರಿಡಿನ್ ಆರೆಂಜ್‌ಗೆ ವೈರಸ್ ಗುರುತು ಸಿಗುವುದಿಲ್ಲ. ಗಿಡದ್ದೇ ಡಿಎನ್‌ಎ, ಆರ್‌ಎನ್‌ಎಗೂ ಅದು ಅಂಟುತ್ತದೆ. ಪ್ರೊಪಿಡಿಯಮ್ ಅಯೋಡೈಡ್ ಅನ್ನುವ ಇನ್ನೊಂದು ಬಣ್ಣ ಹಾಕಿ ಅನ್ನುವವರ ಮಾತೂ ಕೇಳಬೇಡಿ, ಅದು ತೋರಿಸುವುದು ಸತ್ತ ಕೋಶವನ್ನು. ಸ್ಲೈಡಿನಲ್ಲೇ ವೈರಸ್ಸನ್ನು ಹಿಡಿಯಬೇಕು ಅಂದರೆ ಅದಕ್ಕೆ ಮಾತ್ರ ಅಂಟುವ ಆಂಟಿಬಾಡಿಯಂಥ (ಗುರಿಗೆ ಮಾತ್ರ ಅಂಟುವ ಪ್ರೋಟೀನ್) ವಸ್ತುವಿಗೆ ಹೊಳೆಯುವ ಬಣ್ಣ ಕಟ್ಟಿರಬೇಕು. ಅದು ಮನೆ ಕೆಲಸ ಅಲ್ಲ.

ಬಣ್ಣದಾಟ ಬೇಕೇ ಬೇಕಾದರೆ ಬದನೆಯ ಸಣ್ಣೆಲೆ ರೋಗದಲ್ಲಿ ಡ್ಯಾಪಿ ಹಾಕಿ ನೋಡಿ, ಅದು ಡಿಎನ್‌ಎಗೆ ಅಂಟಿ ನೀಲಿಯಾಗಿ ಹೊಳೆಯುವ ಬಣ್ಣ. ಆ ರೋಗ ತರುವುದು ವೈರಸ್ ಅಲ್ಲ, ಫೈಟೊಪ್ಲಾಸ್ಮಾ ಅನ್ನುವ ಕೋಶಗೋಡೆಯಿಲ್ಲದ ಬ್ಯಾಕ್ಟೀರಿಯಾ. ಆಹಾರ ಸಾಗಿಸುವ ಜರಡಿ ನಾಳದಲ್ಲಿ ಗಿಡದ ಡಿಎನ್‌ಎ ತುಂಬಿದ ನ್ಯೂಕ್ಲಿಯಸ್ ಇರುವುದಿಲ್ಲ, ಹಾಗಾಗಿ ಅಲ್ಲಿ ನೀಲಿ ಚುಕ್ಕೆ ಕಂಡರೆ ಅರ್ಥ ಇದೆ. ಡ್ಯಾಪಿಗೆ 358 ನ್ಯಾನೋಮೀಟರ್ ತರಂಗಾಂತರದ ಸುತ್ತಲಿನ ಯುವಿ (ನೇರಳಾತೀತ) ಬೆಳಕು ಬೇಕು. ಆನ್‌ಲೈನಿನ ಅಗ್ಗದ 395ರ ಟಾರ್ಚ್‌ಗೆ ದುಡ್ಡು ಸುರಿಯಬೇಡಿ, 365ರದ್ದೇ ಕೇಳಿ. ಕಾಗದ ಮಡಚಿ ಮಾಡುವ ಅಗ್ಗದ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪ್ ನನಗೆ ಬಹಳ ಇಷ್ಟ, ಆದರೆ ಸರಿಯಾದ ಫಿಲ್ಟರ್ ಇಲ್ಲದೆ ಈ ಕೆಲಸಕ್ಕೆ ಬರುವುದಿಲ್ಲ.

ಫೋಟೋದಲ್ಲಿ ಬರಿಗೈ ಕಾಣುತ್ತಿದೆ. ಇದು ತಪ್ಪು ಅಣ್ಣಾ. ಈ ಬಣ್ಣಗಳು ಡಿಎನ್‌ಎಗೇ ಅಂಟುತ್ತವೆ, ಕೈಗವಸು ಬೇಕು. ಯುವಿ ಟಾರ್ಚ್‌ಗೆ ಯುವಿ ತಡೆಯುವ ಕನ್ನಡಕವೂ ಬೇಕು.

ಇನ್ನೊಂದು, ಸುಮ್ನೆ ಕೀಟನಾಶಕ ಹೊಡೆಯಲು ಹೊರಡಬೇಡಿ. ಮೊದಲು ಹತ್ತು ಪಟ್ಟಿನ ಲೆನ್ಸ್ ಹಿಡಿದು ಎಲೆ ಹಿಂಬದಿ ನೋಡಿ. ಎಲೆ ಕೆಳಕ್ಕೆ ಮಡಚಿದ್ದರೆ ಸಾಮಾನ್ಯವಾಗಿ ನುಸಿ ಕಾಟ, ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಕೀಟ ಇರಬಹುದು, ಬಿಳಿ ನೊಣ ತಂದ ವೈರಸ್ಸೂ ಇರಬಹುದು. ವೈರಸ್ ಹೊಕ್ಕ ಗಿಡಕ್ಕೆ ಔಷಧಿ ಇಲ್ಲ. ಸಣ್ಣ ಗಿಡವಾದರೆ ಕಿತ್ತು ಹಾಕಿ, ಬಿಳಿ ನೊಣ ನೋಡಿಕೊಳ್ಳಿ. ಖಾತ್ರಿ ಬೇಕಾದರೆ ವೈರಸ್ಸಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಬೇಕು, ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ತುದಿಯ ಎಳೆ ಎಲೆ ಕಾಗದದಲ್ಲಿ ಸುತ್ತಿ ತಂಪಾಗಿ ಒಯ್ಯಿರಿ. ಒದ್ದೆ ಎಲೆ ಪ್ಲಾಸ್ಟಿಕ್‌ನಲ್ಲಿ ತುರುಕಿದರೆ ದಾರಿಯಲ್ಲೇ ಕೊಳೆಯುತ್ತದೆ.