ಹೊಗೆ ಮಷೀನ್ ಬಂದಾಗ ಬಾಗಿಲು ತೆಗೀಬೇಕಾ?

ಪ್ರಶ್ನೆ: ನಮ್ಮ ಓಣಿಯಲ್ಲಿ ಇಬ್ಬರು ಮಕ್ಕಳಿಗೆ ಡೆಂಗಿ ಬಂತು. ಮರುದಿನವೇ ಹೊಗೆ ಮಷೀನ್ ಬಂತು. ನಾವೆಲ್ಲ ಬಾಗಿಲು, ಕಿಟಕಿ ಹಾಕಿಕೊಂಡು ಒಳಗೆ ಕೂತೆವು. ನಾಲ್ಕೇ ದಿನಕ್ಕೆ ಸೊಳ್ಳೆ ಮೊದಲಿನ ಹಾಗೇ! ಈ ಹೊಗೆಯಿಂದ ಏನಾದರೂ ಉಪಯೋಗ ಇದೆಯಾ? ವಾರಕ್ಕೊಮ್ಮೆ ಬಿಡಿ ಅಂತ ಅರ್ಜಿ ಕೊಡೋಣ ಅಂತಿದ್ದೇವೆ.
– ಓದುಗರೊಬ್ಬರು, ಕೋಡಿಬಾಗ, ಕಾರವಾರ

ಉತ್ತರ: ಬಾಗಿಲು ಹಾಕಿಕೊಂಡಿರಲ್ಲ, ಅರ್ಧ ಕೆಲಸ ಅಲ್ಲೇ ಕೆಟ್ಟಿತು. ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆ ಹೆಚ್ಚಾಗಿ ಇರುವುದೇ ಮನೆಯೊಳಗೆ. ಮಂಚದ ಕೆಳಗೆ, ಪರದೆ ಹಿಂದೆ, ಗೂಟಕ್ಕೆ ನೇತುಹಾಕಿದ ಅಂಗಿಯ ಮಡಿಕೆಯಲ್ಲಿ ಕೂತಿರುತ್ತದೆ. ಹೊಗೆ ಅಂದರೆ ಡೀಸೆಲ್‌ನಲ್ಲಿ ಬೆರೆಸಿದ ಮೆಲಾಥಿಯಾನ್‌ನಂಥ ಔಷಧಿಯ ತೀರಾ ಸಣ್ಣ ಹನಿಗಳು, ಅಷ್ಟೇ. ಹನಿ ಸೊಳ್ಳೆಯ ಮೈಗೆ ತಾಗಬೇಕು, ಆಗ ಮಾತ್ರ ಅದು ಸಾಯುತ್ತದೆ. ಬೀದಿಯಲ್ಲಿ ಎಷ್ಟು ಹೊಗೆ ಬಿಟ್ಟರೂ ನಿಮ್ಮ ಮಂಚದ ಕೆಳಗಿನ ಸೊಳ್ಳೆಗೆ ಅದು ಗೊತ್ತೇ ಆಗುವುದಿಲ್ಲ.

ಮುಂದಿನ ಸಲ ಹೀಗೆ ಮಾಡಿ. ಊಟ, ನೀರು ಮುಚ್ಚಿಡಿ. ಮೀನಿನ ತೊಟ್ಟಿ ಇದ್ದರೆ ಅದನ್ನೂ ಮುಚ್ಚಿ. ಕೂಸು, ವಯಸ್ಸಾದವರು, ಉಬ್ಬಸ ಇರುವವರನ್ನು ಮೊದಲೇ ಬೇರೆ ಕಡೆ ಕಳಿಸಿ. ಆಮೇಲೆ ಬಾಗಿಲು, ಕಿಟಕಿ ಎಲ್ಲ ತೆಗೆದಿಟ್ಟು ನೀವೂ ದೂರ ಹೋಗಿ, ಹೊಗೆ ಪೂರ್ತಿ ಹೋದ ಮೇಲೆ ಒಳಗೆ ಬನ್ನಿ. ಮಷೀನ್ ಬರುವ ಹೊತ್ತೂ ಮುಖ್ಯ. ಕಾರವಾರದಲ್ಲಿ ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಜೋರಾಗಿ ಬೀಸುವಾಗ ಹೊಗೆ ಬಿಟ್ಟರೆ ಅದು ನಿಲ್ಲುವುದೇ ಇಲ್ಲ. ಬೆಳಗಿನ ಜಾವ ಗಾಳಿ ಕಡಿಮೆ, ನೆಲ ತಂಪು, ಹೊಗೆ ಕೆಳಗೇ ತೇಲುತ್ತದೆ. ಮಳೆ ಇದ್ದರಂತೂ ಬಿಡಲೇಬಾರದು.

ಇನ್ನು ನಾಲ್ಕು ದಿನಕ್ಕೆ ಸೊಳ್ಳೆ ಯಾಕೆ ವಾಪಸ್ ಬಂತು? ಹೊಗೆ ನೀರಿನೊಳಗೆ ಇಳಿಯುವುದಿಲ್ಲ. ಮೊಟ್ಟೆ ರೆಕ್ಕೆ ಬಂದ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ ಸಾಕು, ಅಂದರೆ ಹೊಗೆ ಬಿಟ್ಟ ದಿನ ಡ್ರಮ್ಮಿನಲ್ಲಿ ಮರಿಹುಳುವಾಗಿದ್ದದ್ದು ಅದೇ ವಾರ ಹಾರಲು ಶುರು ಮಾಡುತ್ತದೆ.

ಹಾಗಂತ ಹೊಗೆ ದಂಡ ಅಂತ ನಾನು ಹೇಳುವುದಿಲ್ಲ. ಸೊಳ್ಳೆ ಡೆಂಗಿ ರೋಗಿಯ ರಕ್ತ ಕುಡಿದ ತಕ್ಷಣ ಬೇರೆಯವರಿಗೆ ರೋಗ ಕೊಡಲಾರದು. ವೈರಸ್ ಅದರ ಹೊಟ್ಟೆಯಿಂದ ಜೊಲ್ಲಿಗೆ ಬರಲು ಸುಮಾರು 8ರಿಂದ 12 ದಿನ ಬೇಕು. ಹಾಗಾಗಿ ಅಪಾಯ ಇರುವುದು ವಯಸ್ಸಾದ ಹೆಣ್ಣು ಸೊಳ್ಳೆಯಿಂದ. ಹೊಗೆಯ ನಂತರ ಹುಟ್ಟಿದ ಸೊಳ್ಳೆ ಕಚ್ಚುತ್ತದೆ, ಆದರೆ ಹೆಚ್ಚಾಗಿ ವೈರಸ್ ಇಲ್ಲದ್ದು. ರೋಗಿ ಸಿಕ್ಕ ಮನೆ, ಅದರ ಸುತ್ತಲಿನ ಮನೆಗಳಿಗೆ ತಕ್ಷಣ ಹೊಗೆ ಬಿಡುವುದು ಈ ಕಾರಣಕ್ಕೆ. ಮನೆಯೊಳಗೆ ಪೈರೆಥ್ರಮ್ ಅನ್ನುವ ಸೊಳ್ಳೆ ಔಷಧಿ ಹೊಡೆಯುವುದೂ ಅದಕ್ಕೇ.

ಹಾರುವ ಸೊಳ್ಳೆಯನ್ನು ಲೆಕ್ಕ ಹಾಕುವುದು ಹೇಗೆ ಅಂತ ಜನ ಯಾರೂ ಕೇಳುವುದಿಲ್ಲ, ನನಗೆ ಅದೇ ಬೇಜಾರು. ಮಲೇರಿಯಾ ವಿಭಾಗದಲ್ಲಿ ಇನ್ಸೆಕ್ಟ್ ಕಲೆಕ್ಟರ್ ಅನ್ನುವ ಹುದ್ದೆಯೇ ಇದೆ. ಬೆಳಿಗ್ಗೆ ಟಾರ್ಚು ಮತ್ತು ಬಾಯಿಂದ ಹೀರುವ ಗಾಜಿನ ನಳಿಗೆ ಹಿಡಿದು ಮನೆಯ, ಕೊಟ್ಟಿಗೆಯ ಕತ್ತಲೆ ಮೂಲೆಗಳಲ್ಲಿ ಕೂತ ಸೊಳ್ಳೆ ಹಿಡಿಯುತ್ತಾರೆ. ಒಬ್ಬರು ಒಂದು ಗಂಟೆಗೆ ಎಷ್ಟು ಹಿಡಿದರು ಅನ್ನುವುದೇ ಲೆಕ್ಕ. ಲೈಟ್ ಟ್ರ್ಯಾಪ್ ಇಡುತ್ತಾರೆ. ಈಡಿಸ್‌ಗೆ ಕಪ್ಪು ಡಬ್ಬದಲ್ಲಿ ನೀರು ಇಟ್ಟು ಮೊಟ್ಟೆ ಎಣಿಸುವುದುಂಟು. ಹೆಣ್ಣಿನ ಅಂಡಾಶಯ ಬಿಡಿಸಿ ನೋಡಿದರೆ ಅದು ಒಮ್ಮೆಯಾದರೂ ಮೊಟ್ಟೆ ಇಟ್ಟಿದೆಯಾ ಅಂತ ಗೊತ್ತಾಗುತ್ತದೆ. ಅಂದರೆ ಅದರ ವಯಸ್ಸಿನ ಅಂದಾಜು ಸಿಗುತ್ತದೆ! ಹೊಗೆಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಈ ಲೆಕ್ಕ ತೆಗೆದರೆ ಮಾತ್ರ ಔಷಧಿ ಕೆಲಸ ಮಾಡಿತೋ ಇಲ್ಲವೋ ಹೇಳಬಹುದು.

ವಾರಕ್ಕೊಮ್ಮೆ ಹೊಗೆ ಬೇಡ. ಪದೇ ಪದೇ ಒಂದೇ ಔಷಧಿ ಹೊಡೆದರೆ ತಡೆದುಕೊಳ್ಳುವ ಸೊಳ್ಳೆಗಳಷ್ಟೇ ಉಳಿದು ಅವುಗಳ ಸಂತಾನ ಜಾಸ್ತಿಯಾಗುತ್ತದೆ. ಇದಕ್ಕೂ ಪರೀಕ್ಷೆ ಇದೆ. ಔಷಧಿ ಹಚ್ಚಿದ ಕಾಗದ ಇರುವ ಕೊಳವೆಯಲ್ಲಿ ಸೊಳ್ಳೆಗಳನ್ನು ಒಂದು ಗಂಟೆ ಇಟ್ಟು, ಮರುದಿನ ಸತ್ತವನ್ನು ಎಣಿಸುತ್ತಾರೆ. ನೂರಕ್ಕೆ 98 ಸತ್ತರೆ ಔಷಧಿ ಗಟ್ಟಿ ಇದೆ ಅಂತ. 90ಕ್ಕಿಂತ ಕಡಿಮೆ ಸತ್ತರೆ ಸೊಳ್ಳೆ ಗೆದ್ದ ಹಾಗೆ, ಔಷಧಿ ಬದಲಿಸಬೇಕು.

ಅರ್ಜಿ ಖಂಡಿತ ಕೊಡಿ, ಆದರೆ ಅದರಲ್ಲಿ ಹೀಗೆ ಕೇಳಿ: ನಮ್ಮ ವಾರ್ಡಿನಲ್ಲಿ ಲಾರ್ವಾ ಸರ್ವೆ ಯಾವಾಗ ಆಯಿತು, ನೂರು ಮನೆಗೆ ಎಷ್ಟು ಪಾತ್ರೆಗಳಲ್ಲಿ ಮರಿಹುಳು ಸಿಕ್ಕಿತು, ಹೊಗೆಯ ನಂತರ ಸೊಳ್ಳೆ ಲೆಕ್ಕ ತೆಗೆದಿದ್ದಾರಾ? ಖಾಲಿ ಸೈಟು, ಅರ್ಧ ಕಟ್ಟಿದ ಮನೆ, ದಡದಲ್ಲಿ ಮಗುಚದೆ ಬಿಟ್ಟ ದೋಣಿ, ಬೋಟಿನ ಪಕ್ಕಕ್ಕೆ ಕಟ್ಟುವ ಹಳೇ ಟೈರು, ಬಲೆ ಮುಚ್ಚಿದ ತಾಡಪಾಲಿನ ತಗ್ಗು, ಇವನ್ನೂ ಪಟ್ಟಿ ಮಾಡಿ ಕೊಡಿ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದಾಗ ದಂಡದ ನಿಯಮವೂ ಬಂತು. ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200.

ಪ್ರಶ್ನೆ: ನಮ್ಮದು ಅಡಿಕೆ ತೋಟ. ಹಗಲು ಹೊತ್ತಲ್ಲೇ ಕಾಲಿಗೆ ಮುತ್ತುತ್ತವೆ, ಕೆಲಸಕ್ಕೆ ಜನ ನಿಲ್ಲುವುದಿಲ್ಲ. ಪಂಚಾಯಿತಿಯವರಿಗೆ ಹೇಳಿ ತೋಟಕ್ಕೇ ಫಾಗಿಂಗ್ ಮಾಡಿಸಬಹುದಾ?
– ಓದುಗರೊಬ್ಬರು, ಶಿರಸಿ ತಾಲೂಕು

ಉತ್ತರ: ದಯವಿಟ್ಟು ಬೇಡ. ನಿಮ್ಮನ್ನು ಕಚ್ಚುತ್ತಿರುವುದು ಬೆನ್ನ ಮೇಲೆ ಒಂದೇ ಬಿಳಿ ಗೆರೆ ಇರುವ ಕಪ್ಪು ಸೊಳ್ಳೆಯಾ ನೋಡಿ. ಅದು ಈಡಿಸ್ ಆಲ್ಬೊಪಿಕ್ಟಸ್. ಗಿಡದ ಬುಡದಲ್ಲಿ, ಪೊದೆಯಲ್ಲಿ ಕೂರುತ್ತದೆ. ಅಷ್ಟು ದೊಡ್ಡ ತೋಟದಲ್ಲಿ ಹೊಗೆ ಎಲ್ಲಿ ಅಂತ ತಲುಪೀತು? ಅದಕ್ಕಿಂತ ಹೆಚ್ಚಾಗಿ ನನಗೆ ಜೇನಿನ ಚಿಂತೆ. ನಿಮ್ಮ ಕಡೆ ಎಷ್ಟೋ ತೋಟಗಳಲ್ಲಿ ತುಡುವೆ ಪೆಟ್ಟಿಗೆ ಇರುತ್ತವೆ, ಮೆಲಾಥಿಯಾನ್ ಜೇನುನೊಣಕ್ಕೆ ಕಡು ವಿಷ.

ತೋಟದಲ್ಲಿ ಬಿದ್ದ ಅಡಿಕೆ ಹಾಳೆ ತಿರುಗಿಸಿ ನೋಡಿದ್ದೀರಾ? ಒಂದೊಂದರಲ್ಲೂ ಒಂದು ಲೋಟ ಮಳೆನೀರು, ಅದರಲ್ಲಿ ಕುಣಿಯುವ ಹುಳು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹಾಳೆ ಹೆಕ್ಕಿ ಒಣಜಾಗದಲ್ಲಿ ಮಗುಚಿಡಿ, ತೆಂಗಿನ ಗರಟೆಯನ್ನೂ ಹಾಗೇ. ವಾರ ಅನ್ನುವುದು ತಪ್ಪಬಾರದು, ಹುಳು ಸೊಳ್ಳೆಯಾಗುವ ಮೊದಲೇ ನೀರು ಚೆಲ್ಲಬೇಕಲ್ವಾ. ಬಳಸದ ಬಾವಿಗೆ, ತೊಟ್ಟಿಗೆ ಗಪ್ಪಿ ಅಥವಾ ಗಂಬೂಸಿಯಾ ಮೀನು ಬಿಡಬಹುದು, ಆಶಾ ಕಾರ್ಯಕರ್ತೆಯನ್ನು ಕೇಳಿ. ಹಳ್ಳಕ್ಕೆ, ಕೆರೆಗೆ ಮಾತ್ರ ಬಿಡಬೇಡಿ, ಅಲ್ಲಿನ ಸ್ಥಳೀಯ ಮೀನಿನ ಮರಿ, ಕಪ್ಪೆ ಮರಿಗಳನ್ನು ತಿಂದುಹಾಕುತ್ತವೆ.

ಪ್ರಶ್ನೆ: ಮಂಗನ ಕಾಯಿಲೆಗೂ ಈ ಹೊಗೆ ಆಗುತ್ತದಾ?
– ಓದುಗರೊಬ್ಬರು, ಸಿದ್ದಾಪುರ

ಉತ್ತರ: ಇಲ್ಲ. ಅದನ್ನು ಹರಡುವುದು ಸೊಳ್ಳೆ ಅಲ್ಲ, ಉಣುಗು. ಅದು ಹಾರುವುದಿಲ್ಲ, ಒಣ ಎಲೆಯಿಂದ ಕಾಲಿಗೆ ಹತ್ತುತ್ತದೆ. ಕಾಡಿಗೆ ಹೋಗುವ ಮೊದಲು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಮಿಂದು ಬಟ್ಟೆ ತೊಳೆಯಿರಿ. ಮಂಗ ಸತ್ತಿದ್ದು ಕಂಡರೆ ಮುಟ್ಟದೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ತಿಳಿಸಿ.